ಕೃಷ್ಣಮೃಗ ಕಳಿಸುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿಮ್ಮ ಮೃಗಾಲಯದಿಂದ ಆರು ಕೃಷ್ಣಮೃಗ ಹೊರಡಲಿವೆ, ಬದಲಿಗೆ ಎರಡು ಚಿರತೆ ಬರಲಿವೆ ಎಂದು ಬರೆದಿದ್ದೀಯ. ಖುಷಿಯಾಯಿತು. ಆದರೆ ಲಾರಿ ಗೊತ್ತು ಮಾಡುವ ಮೊದಲು ಚಿರತೆಯ ಆವರಣದ ಕೆಲಸ ಪೂರ್ತಿ ಮುಗಿದಿರಲಿ. ಪ್ರಾಣಿ ಬಂದಿಳಿದ ದಿನವೂ ವೆಲ್ಡಿಂಗ್ ನಡೆಯುತ್ತಿದ್ದರೆ ಮುಂದಿನದೆಲ್ಲ ಕೆಡುತ್ತದೆ.

ಕೃಷ್ಣಮೃಗ, ಚಿರತೆ ಎರಡೂ ಮೊದಲ ಅನುಸೂಚಿಯ, ಅಂದರೆ ಕಾನೂನಿನ ಅತಿ ಹೆಚ್ಚಿನ ರಕ್ಷಣೆಯಿರುವ ಪ್ರಾಣಿಗಳು. 1972ರ ವನ್ಯಜೀವಿ ಕಾಯ್ದೆಯ 38-ಐ ಕಲಮಿನಂತೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಪೂರ್ವಾನುಮತಿ ಬೇಕೇ ಬೇಕು. ಮೃಗಾಲಯದ ಪ್ರಾಣಿಗಳ ಪಟ್ಟಿಯಲ್ಲಿ ಗಂಡು, ಹೆಣ್ಣು, ಲಿಂಗ ಗುರುತಾಗದ ಮರಿ, ಇದೇ ಕ್ರಮದಲ್ಲಿ 7:12:3 ಎಂಬಂತೆ ಬರೆ. ಹುಟ್ಟು, ಸಾವು, ಬಂದದ್ದು, ಹೋದದ್ದು ಏಪ್ರಿಲ್ 1ರ ಲೆಕ್ಕದಿಂದ ತಾಳೆಯಾಗಬೇಕು.

ಇನ್ನು ಯಾವುದನ್ನು ಕಳಿಸುವುದು? ತುಂಬು ಗಬ್ಬದ ಹೆಣ್ಣು, ಹಾಲು ಕುಡಿಯುವ ಮರಿಯಿರುವ ತಾಯಿ ಬೇಡ. ಹಿಂಡಿನ ಯಜಮಾನನಾದ ಕಪ್ಪು ಗಂಡನ್ನೂ ಬಿಟ್ಟುಬಿಡು. ಅದನ್ನು ತೆಗೆದರೆ ಉಳಿದ ಗಂಡುಗಳು ಜಾಗಕ್ಕಾಗಿ ಕಾದಾಡಿ ಹೊಟ್ಟೆ ಸೀಳಿಕೊಳ್ಳುತ್ತವೆ. ಬೆಳೆಯುತ್ತಿರುವ ಎಳೆಯ ಗಂಡುಗಳು, ಅವುಗಳ ಜೊತೆ ಬೇರೆ ತಾಯಂದಿರ ಹೆಣ್ಣುಗಳು ಹೋಗಲಿ. ಅಣ್ಣತಂಗಿಯರನ್ನೇ ಕಳಿಸಿದರೆ ಆ ಮೃಗಾಲಯಕ್ಕೆ ಒಳಸಂತಾನದ ತೊಂದರೆಯನ್ನೇ ಕಳಿಸಿದಂತೆ.

ಹಿಡಿಯುವ ಕೆಲಸವೇ ಇದರಲ್ಲಿ ಅತಿ ನಾಜೂಕು. ಬಲೆ ಹಿಡಿದು ಬೆನ್ನಟ್ಟಿದ ಕೃಷ್ಣಮೃಗ ಆಗ ಸಿಕ್ಕರೂ ಆಮೇಲೆ ಉಳಿಯುವ ಭರವಸೆಯಿಲ್ಲ. ಓಟ, ಗಾಬರಿ, ಮೈಕಾವು ಮೂರೂ ಸೇರಿ ಸ್ನಾಯುಗಳು ಒಡೆಯುತ್ತವೆ. ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ, ಹಿಂಗಾಲು ಬಿಗಿಯುತ್ತದೆ. ಕೆಲವು ಅದೇ ದಿನ ಸಾಯುತ್ತವೆ, ಇನ್ನು ಕೆಲವು ಒಂದು ವಾರ ಕಳೆದ ಮೇಲೆ. ಆ ಹಂತಕ್ಕೆ ಹೋದದ್ದು ಬದುಕುವುದು ಅಪರೂಪ. ಹಾಗಾಗಿ ಬೆನ್ನಟ್ಟುವ ಪ್ರಶ್ನೆಯೇ ಬರಬಾರದು. ಎರಡು ಮೂರು ವಾರ ಮೊದಲೇ, ಪ್ರಾಣಿಗಳನ್ನು ಕೂಡಿಹಾಕುವ ಚಿಕ್ಕ ಆವರಣವಾದ ಕ್ರಾಲ್‌ನೊಳಗೆ ಮೇವು, ಹಿಂಡಿ ಹಾಕುತ್ತಾ ಬಾ. ಕ್ರಾಲ್‌ನ ಬಾಗಿಲಿಗೆ ಸಾಗಣೆಯ ಪೆಟ್ಟಿಗೆ (ಕ್ರೇಟ್) ಜೋಡಿಸಿ ಎರಡೂ ಕಡೆಯ ಬಾಗಿಲು ತೆರೆದಿಡು, ದಾಟಿಹೋಗುವುದು ರೂಢಿಯಾಗಲಿ. ಚೈನ್‌ಲಿಂಕ್ ಮೆಶ್‌ಗೆ ಗೋಣಿತಾಟು ಕಟ್ಟು. ಕಣ್ಣಿಗೆ ಗೋಡೆಯಂತೆ ಕಂಡರೆ ಅವು ಹೋಗಿ ಗುದ್ದುವುದಿಲ್ಲ.

ಕ್ರೇಟ್ ನೇರ ನಿಲ್ಲುವಷ್ಟು ಎತ್ತರವಿರಲಿ, ತಿರುಗಿಕೊಳ್ಳಲಾಗದಷ್ಟು ಮಾತ್ರ ಅಗಲ. ಒಳಮೈ ನುಣುಪಾದ ಪ್ಲೈವುಡ್. ಮೊಳೆಯ ತುದಿಗೆ ಕೈಯಾಡಿಸಿ ನೋಡು. ಗಾಳಿಕಿಂಡಿ ಮೇಲ್ಭಾಗದಲ್ಲಿರಲಿ, ನೆಲದಲ್ಲಿ ಜಾರದಂತೆ ಅಡ್ಡಪಟ್ಟಿ, ಮೇಲೆ ಒಣಹುಲ್ಲು. ಗಂಡಿನ ಕೊಂಬಿನ ತುದಿಗೆ ರಬ್ಬರ್ ಪೈಪಿನ ತುಂಡು ತೊಡಿಸಿ ಟೇಪ್ ಸುತ್ತಬೇಕು, ಒಂದು ಕ್ರೇಟಿಗೆ ಒಂದೇ ಗಂಡು. ಚಳಿಗಾಲವಾದರೆ ಒಳ್ಳೆಯದು. ಬೆಳಗಿನ ತಂಪಿನಲ್ಲಿ ತುಂಬಿಸು, ಇಲ್ಲವೇ ರಾತ್ರಿ ಪ್ರಯಾಣ. ಪರಿಚಯದ ಪ್ರಾಣಿಪಾಲಕನೊಬ್ಬ ಜೊತೆಗೆ ಹೋಗಲಿ, ಮೇವಿನ ಪಟ್ಟಿಯೂ ಹೋಗಲಿ. ಅಲ್ಲಿ ಹಿಂಡಿ ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆ ಹುಳಿಯಾಗಿ ಮಲಗಿಬಿಡುತ್ತವೆ.

ಕ್ವಾರಂಟೈನ್ ಎಂದರೆ ಬೇರೆ ಪಾಲಕ, ಬೇರೆ ಬಕೆಟ್, ಬಾಗಿಲಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಕಾಲುತೊಟ್ಟಿ, ಕನಿಷ್ಠ 30 ದಿನ. ಆ ಅವಧಿಯಲ್ಲಿ ಸಗಣಿ, ರಕ್ತದ ಪರೀಕ್ಷೆ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಭೂತರಾಮನಹಟ್ಟಿ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಗಳಲೆ ಎಂಬ ಬ್ಯಾಕ್ಟೀರಿಯಾ ರೋಗಕ್ಕೆ ಬಲಿಯಾದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ರೋಗಾಣು ಆರೋಗ್ಯವಾಗಿರುವ ಪ್ರಾಣಿಯ ಗಂಟಲಲ್ಲೂ ಸುಮ್ಮನೆ ಇರಬಲ್ಲದು. ಪ್ರಯಾಣ, ಇಕ್ಕಟ್ಟು, ಹವಾಮಾನದ ಏರುಪೇರು ಮೈಯನ್ನು ಸೋಲಿಸಿದಾಗ ಎದ್ದುನಿಲ್ಲುತ್ತದೆ. ಸತ್ತ ಒಂದೊಂದು ಪ್ರಾಣಿಯ ಮರಣೋತ್ತರ ಪರೀಕ್ಷೆಯೂ ಅದೇ ದಿನ ಆಗಬೇಕು. ಎರಡನೆಯದು ಸಾಯಲಿ, ನೋಡೋಣ ಎಂದು ಕಾಯಬೇಡ.

ಚಿರತೆಗೆ ಮೇಲ್ಗಡೆಯೂ ಜಾಲರಿ ಹೊದಿಸು. ತೆರೆದ ಆವರಣದಲ್ಲಿ ಗೋಡೆ ಎಷ್ಟೇ ಎತ್ತರವಿರಲಿ, ಅಂಚಿಗೆ ಬಾಗಿದ ಒಂದು ಕೊಂಬೆ ಸಾಕು ಅದಕ್ಕೆ. ರಾತ್ರಿಯ ಕೋಣೆಗೆ ನಿಯಮದ ಕನಿಷ್ಠ ಅಳತೆ 2 ಮೀಟರ್ ಉದ್ದ, 1.5 ಅಗಲ, 2 ಎತ್ತರ; ಅದಕ್ಕಿಂತ ದೊಡ್ಡದು ಕಟ್ಟು. ಜಾರುಬಾಗಿಲನ್ನು ಎಳೆಯುವವನಿಗೆ ಎರಡೂ ಕೋಣೆ ಕಾಣುತ್ತಿರಬೇಕು. ಚುಚ್ಚುಮದ್ದಿಗೆ ಸ್ಕ್ವೀಜ್ ಕೇಜ್, ಅಂದರೆ ಪ್ರಾಣಿ ಅಲುಗಾಡದಂತೆ ಪಕ್ಕ ಒತ್ತಿ ಹಿಡಿಯುವ ಪಂಜರ, ಈಗಲೇ ಕೂರಿಸು.

ಬಂದ ಮೊದಲೆರಡು ದಿನ ತಿನ್ನದಿದ್ದರೆ ಗಾಬರಿ ಬೇಡ, ನೀರು ಕುಡಿಯುತ್ತಿದೆಯೇ ನೋಡು. ಕ್ವಾರಂಟೈನ್ ಮುಗಿದ ಮೇಲೂ ಕರೆದರೆ ಕೋಣೆಗೆ ಬಂದು ತಿನ್ನುವ ರೂಢಿ ಆಗುವವರೆಗೆ ಅಂಗಳಕ್ಕೆ ಬಿಡಬೇಡ. ಮೊದಲ ಸಲ ಮೃಗಾಲಯದ ವಾರದ ರಜಾದಿನ ಬೆಳಿಗ್ಗೆ, ಹಸಿದಿರುವಾಗ, ಒಂದೊಂದನ್ನೇ ಬಿಡು. ಸಂಜೆ ಊಟಕ್ಕೆ ತಾನಾಗಿ ಒಳಗೆ ಬರುತ್ತದೆ. ಎರಡನ್ನೂ ಕೆಲವು ವಾರ ಜಾಲರಿಯ ಆಚೀಚೆ ಇಟ್ಟು, ಗುರುಗುಟ್ಟುವುದು ನಿಂತ ಮೇಲೆ ಜೊತೆ ಮಾಡು. ಆಮೇಲೂ ಮಾಂಸ ಮಾತ್ರ ಬೇರೆ ಬೇರೆ ಕೋಣೆಯಲ್ಲೇ.

ಚಿರತೆಗಳ ಚರ್ಮದಡಿ ಇಟ್ಟಿರುವ ಗುರುತಿನ ಚಿಪ್ ನಂಬರು, ವಯಸ್ಸು, ಹುಟ್ಟಿನ ವಿವರವನ್ನು ಆ ಮೃಗಾಲಯದಿಂದ ಬರಹದಲ್ಲೇ ತರಿಸಿಕೋ. ಒಂದೇ ತಾಯಿಯ ಮರಿಗಳಾಗಿದ್ದರೆ ಒಪ್ಪುವ ಮೊದಲು ನನಗೊಂದು ಮಾತು ಹೇಳು. ಆವರಣದ ನಕ್ಷೆಯನ್ನೂ ಕಳಿಸು.

ಇಂತಿ ನಿನ್ನ ಗೆಳೆಯ