ಹೂವಿಗೆ ಶನಿವಾರ ಗೊತ್ತಿಲ್ಲ ಮಾರಾಯ

ಪ್ರೀತಿಯ ಗೆಳೆಯಾ,

ನಾನು ಕಳಿಸಿದ ಫೋಟೋ ನೋಡಿ 'ಇದ್ಯಾವ ಮಲ್ಲಿಗೆ ತೋಟನೋ?' ಅಂತ ಕೇಳಿದ್ದೆ. ಮಲ್ಲಿಗೆ ಅಲ್ಲ ಕಣೋ, ಕಾಫಿ. ಹಾಸನದಲ್ಲಿ ನಾಲ್ಕು ವರ್ಷ ಓದಿದವನಿಗೆ ಕಾಫಿ ಹೂವಿನ ಗುರುತು ಸಿಗಲಿಲ್ಲ ಅಂದರೆ ಏನು ಹೇಳಲಿ! ತಪ್ಪು ನಿನ್ನೊಬ್ಬನದೇ ಅಲ್ಲ ಬಿಡು. ಆಗ ನಾವಿಬ್ಬರೂ ಅದನ್ನು ನೋಡಿಯೇ ಇರಲಿಲ್ಲ. ನಾವು ಬೈಕ್ ಹತ್ತುತ್ತಿದ್ದದ್ದೇ ಪರೀಕ್ಷೆ ಎಲ್ಲ ಮುಗಿದು, ಜೂನ್ ಕಳೆದ ಮೇಲೆ. ಮುಳ್ಳಯ್ಯನಗಿರಿ ತುದಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದೆ ನಿಂತು, '1930 ಮೀಟರ್ ಹತ್ತಿದ್ದು ಈ ಬಿಳಿ ಗೋಡೆ ನೋಡೋಕಾ' ಅಂತ ನೀನು ಬೈದಿದ್ದೆ. ನೆನಪಿದೆಯಾ?

ಹೋದ ವರ್ಷ ಈ ಹೂವಿನ ಆಸೆಗೆ ಬಿದ್ದು ಒಮ್ಮೆ ಕೈಸುಟ್ಟುಕೊಂಡಿದ್ದೆ. ಆಫೀಸಿನ ನಾಲ್ಕು ಜನ ಸೇರಿ ತಿಂಗಳ ಮೊದಲೇ ಒಂದು ಹೋಂಸ್ಟೇ ಬುಕ್ ಮಾಡಿದ್ದೆವು. 'ಮಾರ್ಚ್ ಕೊನೆ ವಾರ ಅಂದ್ರೆ ಹೂವಿನ ಸೀಸನ್ ಸಾರ್' ಅಂದಿದ್ದರು. ಹೋದೆವು. ಹೂ ಇತ್ತು, ಇಲ್ಲ ಅನ್ನಲಾರೆ. ಎಲ್ಲ ಒಣಗಿ, ಸೋಸಿದ ಕಾಫಿ ಚರಟದ ಬಣ್ಣಕ್ಕೆ ತಿರುಗಿ ಕೊಂಬೆಗೆ ಅಂಟಿಕೊಂಡಿತ್ತು. 'ಮಂಗಳವಾರ ಬಂದಿದ್ರೆ ನೋಡ್ಬೇಕಿತ್ತು' ಅಂದ ಅಲ್ಲಿಯ ಹುಡುಗ. ಮಂಗಳವಾರ ನಾನು ಆಫೀಸಿನಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ಕೂತಿದ್ದೆ.

ಚಿಕ್ಕಮಗಳೂರಿನ ಹತ್ತಿರ, ಆಲ್ದೂರಿನ ಆಚೆ ಚಿಕ್ಕಪ್ಪನ ಕಾಫಿ ತೋಟ ಇದೆಯಲ್ಲ, ಅವರ ಹತ್ತಿರ ಈ ಸಂಕಟ ಹೇಳಿಕೊಂಡೆ. ಅವರು ನಕ್ಕುಬಿಟ್ಟರು. "ಹೂವಿಗೆ ಶನಿವಾರ ಭಾನುವಾರ ಎಂತ ಗೊತ್ತು ಮಾರಾಯ? ಅದಕ್ಕೆ ಮಳೆ ಗೊತ್ತು, ಅಷ್ಟೇ" ಅಂದರು.

ಆಮೇಲೆ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ಕಾಫಿ ಗಿಡ ಮೊಗ್ಗು ಕಟ್ಟುವುದು ಚಳಿಗಾಲದಲ್ಲೇ. ಕಟ್ಟಿದ ಮೇಲೆ ಅದಕ್ಕೆ ನಿದ್ದೆ. ಗೋಧಿ ಕಾಳಿನಷ್ಟು ಆಗಿ ಹಾಗೇ ನಿಂತುಬಿಡುತ್ತದೆ. ನೆಲ ಒಣಗಬೇಕು, ಗಿಡ ಬಾಯಾರಬೇಕು. ಆಗ ಒಂದು ಒಳ್ಳೆಯ ಮಳೆ, ಒಂದು ಇಂಚಿನ ಆಸುಪಾಸು, ಬಿದ್ದರೆ ಎಚ್ಚರ. ಅಲ್ಲಿಂದ 8-10 ದಿನಕ್ಕೆ ಇಡೀ ತೋಟ ಒಟ್ಟಿಗೇ ಅರಳುತ್ತದೆ. ಎರಡು ಮೂರು ದಿನ ಇರುತ್ತದೆ, ಮುಗಿಯಿತು. ಅದಕ್ಕೇ ಆ ಮಳೆಗೆ ಹೂಮಳೆ ಅಂತ ಹೆಸರು. ಅರ್ಧಂಬರ್ಧ ಮಳೆ ಬಂದರಂತೂ ಬರದೇ ಇದ್ದದ್ದಕ್ಕಿಂತ ಕಷ್ಟ. ಮೊಗ್ಗು ಎದ್ದು ಕೂರುತ್ತದೆ, ಅರಳಲು ಆಗುವುದಿಲ್ಲ, ನಸುಗೆಂಪಾಗಿ ಕರಟಿ ಹೋಗುತ್ತದೆ.

ಹಾಗಾಗಿ ಈ ವರ್ಷ ನಾನು ಏನನ್ನೂ ಬುಕ್ ಮಾಡಲಿಲ್ಲ. ಸುಮ್ನೆ ಕಾದೆ. ಮಾರ್ಚ್‌ನಲ್ಲಿ ಒಂದು ಗುರುವಾರ ರಾತ್ರಿ ಚಿಕ್ಕಪ್ಪನ ಫೋನ್ ಬಂತು.

"ಬಂತು!"

ಯಾರು ಬಂದರು ಚಿಕ್ಕಪ್ಪ ಅಂತ ಕೇಳಿದೆ.

"ಒಂದು ಹತ್ತು!"

ತೋಟದವರ ಮಾತು ಇದು. ಒಂದು ಇಂಚು, ಹತ್ತು ಸೆಂಟ್ಸ್. 100 ಸೆಂಟ್ಸ್ ಸೇರಿದರೆ ಒಂದು ಇಂಚು. ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬ ಇದೆ. ಅದರಲ್ಲಿ ಕೂಡಿದ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ಓದುತ್ತಾರೆ. ಓದಿದ್ದನ್ನು ಒಂದು ಹಳೆಯ ಡೈರಿಯಲ್ಲಿ ಬರೆಯುತ್ತಾರೆ. ಅವರಿಗೆ ನಮ್ಮ ಯಾರ ಹುಟ್ಟಿದ ದಿನವೂ ನೆನಪಿಲ್ಲ. ಯಾವ ವರ್ಷ ಹೂಮಳೆ ಯಾವ ದಿನ ಬಂತು ಅಂತ ಕೇಳು, ಡೈರಿ ತೆಗೆಯದೆ ಹೇಳುತ್ತಾರೆ.

ಗುರುವಾರಕ್ಕೆ ಒಂಬತ್ತು ಸೇರಿಸಿದರೆ ಶನಿವಾರ. ಹೂವಿಗೆ ಗೊತ್ತಿಲ್ಲದಿದ್ದರೂ ನನ್ನ ಅದೃಷ್ಟಕ್ಕೆ ಶನಿವಾರ ಗೊತ್ತಿತ್ತು ಅಂತ ಕಾಣುತ್ತದೆ. ಶುಕ್ರವಾರ ರಾತ್ರಿ ಊಟ ಮಾಡಿ ಸ್ವಲ್ಪ ಮಲಗಿ, ಎರಡು ಗಂಟೆಗೆ ಇವಳನ್ನೂ ಮಗಳನ್ನೂ ಕಾರಿಗೆ ಹಾಕಿಕೊಂಡು ಹೊರಟೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ಹಾಸನ ದಾಟುವಾಗ ನಮ್ಮ ಹಳೇ ರೂಮಿನ ಕಡೆ ಒಮ್ಮೆ ತಿರುಗಿ ನೋಡಿದೆ, ಕತ್ತಲೆಯಲ್ಲಿ ಏನೂ ಕಾಣಲಿಲ್ಲ. ಬೇಲೂರಿನಲ್ಲಿ ಒಂದು ಕಾಫಿ ಕುಡಿದೆವು. ಆಲ್ದೂರು ಹತ್ತಿರ ಬರುವಾಗ ಬೆಳಕು ಹರಿದಿತ್ತು. ಒಂದು ತಿರುವಿನಲ್ಲಿ ಮಗಳು ನಿದ್ದೆಗಣ್ಣಲ್ಲೇ, 'ಅಮ್ಮ, ಯಾರೋ ಹೂ ಮುಡ್ಕೊಂಡಿದಾರೆ' ಅಂದಳು. ಗಾಜು ಇಳಿಸಿದೆ.

ವಾಸನೆ ಹೇಗಿತ್ತು ಅಂತ ಬರೆಯಲು ಕೂತರೆ ನಾನೂ ಮಲ್ಲಿಗೆ ಅಂತಲೇ ಬರೆಯಬೇಕಾಗುತ್ತದೆ. ಆದರೆ ಮಲ್ಲಿಗೆ ಒಂದು ಮೊಳ, ಎರಡು ಮೊಳ. ಇದು ಎಕರೆಗಟ್ಟಲೆ. ಚಿಕ್ಕಮ್ಮನಿಗೆ ಈ ವಾಸನೆಗೆ ತಲೆನೋವು ಬರುತ್ತದಂತೆ. ಮದುವೆಯಾಗಿ ಬಂದ ಮೊದಲ ವರ್ಷ ಏನೋ ಕಾಯಿಲೆ ಅಂದುಕೊಂಡಿದ್ದರಂತೆ. ಈಗ ಆ ಮೂರು ದಿನ ಹಣೆಗೆ ಬಟ್ಟೆ ಕಟ್ಟಿಕೊಂಡೇ ಕಡುಬು ಬೇಯಿಸುತ್ತಾರೆ.

ತೋಟಕ್ಕೆ ಇಳಿದರೆ ಮೊದಲು ಸಿಗುವುದು ಹೂವಲ್ಲ, ಸದ್ದು. ಎಲ್ಲೋ ದೂರದಲ್ಲಿ ಮೋಟಾರ್ ಓಡುತ್ತಿದೆ ಅಂದುಕೊಂಡೆ. ಜೇನುಹುಳ! ಗಿಡದ ಹತ್ತಿರ ಹೋದರೆ ಕೊಂಬೆಯ ಗಂಟುಗಂಟಿಗೂ ಒಂದೊಂದು ಬಿಳಿ ಕುಚ್ಚು. ಎರಡು ಎಲೆ, ನಡುವೆ ಕುಚ್ಚು, ಮತ್ತೆ ಎರಡು ಎಲೆ, ಮತ್ತೆ ಕುಚ್ಚು. ಒಂದು ಹೂವನ್ನು ಹತ್ತಿರದಿಂದ ನೋಡಿದೆ. ಐದು ಎಸಳು, ಸ್ವಲ್ಪ ಮೇಣ ಹಚ್ಚಿದ ಹಾಗೆ ದಪ್ಪ. ನಡುವೆ ಎದ್ದುನಿಂತ ಸಣ್ಣ ಸಣ್ಣ ಕೇಸರ. ಅದರ ಮೇಲೆ ಕೂತಿದ್ದ ಜೇನುಹುಳದ ಕಾಲಿಗೆ ಹಿಟ್ಟು ಮೆತ್ತಿತ್ತು. ಇನ್ನೊಂದು ಹೂವನ್ನು ಮುಟ್ಟಲು ಕೈ ಚಾಚಿದ್ದಷ್ಟೇ.

"ಮುಟ್ಟಬೇಡ! ಗಿಡದ ಮಧ್ಯೆ ನುಗ್ಗಬೇಡ. ದಾರಿ ಮೇಲೇ ನಿಂತು ನೋಡು" ಅಂದರು ಚಿಕ್ಕಪ್ಪ.

ಹೂ ಬಿಟ್ಟಾಗ ತೋಟದೊಳಗೆ ಓಡಾಟ ಬೇಡ, ಔಷಧಿ ಹೊಡೆಯುವುದಂತೂ ಬೇಡವೇ ಬೇಡ. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಅಂತ ಎರಡು ಜಾತಿ. ಅರೇಬಿಕಾ ತನ್ನ ಹೂವಿನ ಪರಾಗದಲ್ಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ತರಬೇಕು, ಇಲ್ಲ ಜೇನು ತರಬೇಕು. ಚಿಕ್ಕಪ್ಪನ ಕೆಳಗಿನ ತುಂಡಿನಲ್ಲಿರುವ ರೊಬಸ್ಟಾಗೆ ಫೆಬ್ರವರಿಯಲ್ಲೇ ಕೆರೆ ನೀರು ಎತ್ತಿ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿದ್ದರು. ಮೇಲಿನ ಅರೇಬಿಕಾಗೆ ನೀರು ಸಾಲದು. ಅದು ಆಕಾಶದ ಪಾಲು.

ಮಧ್ಯಾಹ್ನ ಊಟ, ನಿದ್ದೆ. ಕಣದಲ್ಲಿ ಮೆಣಸು ಒಣಗುತ್ತಿತ್ತು. ಮಗಳು ಅದರಲ್ಲಿ ಕಾಲಾಡಿಸಿ ಬೈಸಿಕೊಂಡಳು.

ಸಂಜೆ ನಾಲ್ಕೂವರೆಗೆ ಮೋಡ ಕಟ್ಟಿತು ನೋಡು. ಗಿರಿಯ ಕಡೆಯಿಂದ ಕಪ್ಪಾಗಿ ಬಂತು, ಗುಡುಗಿತು. ಇವಳು ಖುಷಿಯಲ್ಲಿ, 'ಅಬ್ಬಾ, ಮಳೆನೂ ಸಿಗತ್ತೆ!' ಅಂದಳು. ನಾನೂ ಹೂಂಗುಟ್ಟಿದೆ. ಮಳೆ, ಮಂಜು, ಬಿಸಿ ಕಾಫಿ, ಬೆಂಗಳೂರಿನಿಂದ ಬಂದವರಿಗೆ ಇನ್ನೇನು ಬೇಕು? ಚಿಕ್ಕಪ್ಪ ಮಾತಾಡಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಕಾಫಿ ಲೋಟ ಕೈಯಲ್ಲೇ ತಣ್ಣಗಾಯಿತು. ಚಿಕ್ಕಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ, "ಇವತ್ತು ಬಂದರೆ ಹೂವೆಲ್ಲ ತೊಳೆದು ಹೋಗ್ತದೆ" ಅಂದರು.

ನನಗೆ ಒಂಥರಾ ಆಯಿತು ಕಣೋ. ಒಂಬತ್ತು ದಿನದ ಹಿಂದೆ ಇದೇ ಮಳೆ ಬಂದದ್ದಕ್ಕೆ ಆ ಮನುಷ್ಯ ಫೋನಿನಲ್ಲಿ ಕೂಗಿದ್ದರು. ಅರಳಿದ ದಿನ ಅದೇ ಮಳೆ ಬಿದ್ದರೆ ಪರಾಗ ಕೊಚ್ಚಿಹೋಗುತ್ತದೆ, ಕಾಯಿ ಕಚ್ಚುವುದಿಲ್ಲ. ಇಡೀ ವರ್ಷದ ಫಸಲು ಈ ಎರಡು ದಿನದಲ್ಲಿ ಇರುತ್ತದೆ. ನಾವು ಜಗಲಿಯಲ್ಲಿ ಕೂತು ಮಳೆಗೆ ಚಪ್ಪಾಳೆ ತಟ್ಟುತ್ತಿದ್ದೆವು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಮಗಳು ಕೂಡ. ಒಂದು ಗಂಟೆ ಹಾಗೇ ಕೂತೆವು. ಹೆಂಚಿನ ಮೇಲೆ ಟಪ್ ಅಂತ ನಾಲ್ಕು ಹನಿ ಬಿತ್ತು. ಐದನೆಯದು ಬೀಳಲಿಲ್ಲ. ಗಾಳಿ ತಿರುಗಿ ಮೋಡ ಹಾಗೇ ಬಾಬಾಬುಡನ್‌ಗಿರಿಯ ಕಡೆಗೆ ಸರಿಯಿತು.

"ಅಲ್ಲಿ ಬರಲಿ" ಅಂದರು ಚಿಕ್ಕಪ್ಪ. "ಅದು ಹುಲ್ಲು, ಕಾಡು. ಅದಕ್ಕೆ ಬೇಕು." ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಆ ಮಳೆ ಮರುದಿನ ನಮಗೆ ಸಿಕ್ಕಿತು. ಭಾನುವಾರ ಬೆಳಗ್ಗೆ ಬೇಗ ಎದ್ದು ಸಂತವೇರಿ ದಾರಿಯಲ್ಲಿ ಅದೇ ಬೆಟ್ಟದ ಸಾಲಿನ ಕೆಮ್ಮಣ್ಣುಗುಂಡಿಗೆ ಹೋದೆವು. ಮುಳ್ಳಯ್ಯನಗಿರಿ ಕಡೆ ಈ ಸಲ ತಲೆ ಹಾಕಲಿಲ್ಲ. ವೀಕೆಂಡ್ ದಿನ ಅಲ್ಲಿ ಹೋದರೆ ಮುಂದಿನ ಕಾರಿನ ನಂಬರ್ ಪ್ಲೇಟ್ ಬಾಯಿಪಾಠ ಆಗುತ್ತದೆ, ಅಷ್ಟೇ ಲಾಭ. ಹೆಬ್ಬೆ ಜಲಪಾತವೂ ಬೇಡ ಅಂದೆ. ಮಾರ್ಚ್‌ನಲ್ಲಿ ನೀರು ಸಣಕಲು.

ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬರುತ್ತಿದ್ದ ಜಾಗ. 1434 ಮೀಟರ್ ಎತ್ತರ. ಹೆಸರೇ ಹೇಳುವ ಹಾಗೆ ಕೆಂಪು ಮಣ್ಣು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಈ ಗುಡ್ಡದಿಂದಲೇ. ನನ್ನ ಬಿಳಿ ಶೂ ಈಗ ಬಿಳಿ ಅಲ್ಲ. ಅಲ್ಲಿ ಒಂದು ಉದ್ಯಾನ ಇದೆ. ಗುಲಾಬಿ, ಸಾಲ್ವಿಯಾ, ಪಾತಿ ಮಾಡಿ ಬಣ್ಣಬಣ್ಣದ ಹೂ. ಚೆನ್ನಾಗಿದೆ. ಆದರೆ ನಿಜ ಹೇಳಲಾ? ಹಿಂದಿನ ದಿನ ಆ ತೋಟ ನೋಡಿ ಬಂದವನಿಗೆ ಇದು ಯಾಕೋ ಸಪ್ಪೆ ಅನ್ನಿಸಿತು. ಒಬ್ಬರು ಪೈಪ್ ಹಿಡಿದು ನೀರು ಬಿಡುತ್ತಿದ್ದರು. ಯಾವ ದಿನ ಹೋದರೂ ಇರುವ ಹೂ.

ಕಣಿವೆ ನೋಡಲು ನಿಲ್ಲುವ ಜೆಡ್ ಪಾಯಿಂಟ್ ಕಡೆಗೆ ನಡೆಯಲು ಶುರು ಮಾಡಿದ ಮೇಲೆ ಜೀವ ಬಂತು. ಮಳೆ ಬಿದ್ದ ಬೆಟ್ಟ, ಮೇಲೆ ಬಿಸಿಲು. ಕೆಳಗಿನ ಕಣಿವೆಯಿಂದ ಮಂಜು ಹಬೆಯ ಹಾಗೆ ಎದ್ದು ಬರುತ್ತಿತ್ತು. ಅಲ್ಲಿಯ ಕಾಡು ನಿನಗೆ ಗೊತ್ತಲ್ಲ, ಮೈಯೆಲ್ಲ ಹುಲ್ಲು, ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಒತ್ತಾದ ಮರ. ಶೋಲ ಅನ್ನುತ್ತಾರೆ. ವಸಂತದಲ್ಲಿ ಆ ಮರಗಳು ಹಸಿರಾಗಿ ಇರುವುದೇ ಇಲ್ಲ ಮಾರಾಯ! ಚಿಗುರು ತಾಮ್ರದ ಬಣ್ಣ, ಕೆಲವು ಎಳೆ ಕೆಂಪು. ದೂರದಿಂದ ನೋಡಿದರೆ ಹೂ ಬಿಟ್ಟ ಹಾಗೇ. ಬೇಸಿಗೆಯ ಬೆಂಕಿಗೆ ಸುಟ್ಟು ಕಪ್ಪಾಗಿದ್ದ ಒಂದು ಇಳಿಜಾರಿನಲ್ಲಿ ಆಗಲೇ ಹುಲ್ಲು ಚಿಗುರಿತ್ತು. ಕಪ್ಪಿನ ಮೇಲೆ ಬೆರಳುದ್ದದ ಹಸಿರು, ಕ್ಷೌರ ಮಾಡಿದ ತಲೆಯಲ್ಲಿ ಕೂದಲು ಬರುವ ಹಾಗೆ.

ದಾರಿ ಒಂದು ಕಡೆ ಮರಗಳ ಅಡಿಗೆ ನುಗ್ಗುತ್ತದೆ. ಒಳಗೆ ಹೋದ ಕೂಡಲೇ ಮಗಳು, 'ಅಪ್ಪ, ಮಳೆ' ಅಂದಳು. ತಲೆಯ ಮೇಲೆ ಹನಿ ಬೀಳುತ್ತಿತ್ತು. ಹೊರಗೆ ಓಡಿ ಬಂದಳು, ಮಳೆ ಇಲ್ಲ. ಮತ್ತೆ ಒಳಗೆ, ಮಳೆ. ಏಳೆಂಟು ಸಲ ಹಾಗೇ ಆಡಿದಳು. ಮಂಜು ಎಲೆಗೆ, ಕೊಂಬೆಯ ಪಾಚಿಗೆ ತಾಗಿ ನೀರಾಗಿ ಇಳಿಯುತ್ತದೆ. ಮಳೆ ಇಲ್ಲದ ದಿನವೂ ಕಾಡು ಹೀಗೆ ತನ್ನ ಪಾಲು ಹಿಡಿದುಕೊಳ್ಳುತ್ತದೆ. ಚಿಕ್ಕಪ್ಪನ ಅಳತೆ ಡಬ್ಬವನ್ನು ಆ ಮರದ ಕೆಳಗೆ ಇಟ್ಟಿದ್ದರೆ ಎಷ್ಟು ಸೆಂಟ್ಸ್ ತೋರಿಸುತ್ತಿತ್ತೋ! ಇಂಬಳ ಇನ್ನೂ ಎದ್ದಿರಲಿಲ್ಲ, ಪುಣ್ಯ. ಎಲ್ಲೋ ಒಂದು ಹಕ್ಕಿ ರಾಗ ಗೊತ್ತಿಲ್ಲದವರ ಹಾಗೆ ಸಿಳ್ಳೆ ಹಾಕುತ್ತಲೇ ಇತ್ತು.

ಜೆಡ್ ಪಾಯಿಂಟ್‌ನಲ್ಲಿ ನಿಂತರೆ ಬಿಳಿ ಗೋಡೆ. ನಿನ್ನನ್ನು ನೆನೆದೆ. ಹತ್ತು ನಿಮಿಷ ಕಾದ ಮೇಲೆ ಗೋಡೆಯಲ್ಲಿ ಒಂದು ಕಿಟಕಿ ತೆರೆಯಿತು. ಕೆಳಗೆ ಕಾಡು, ಆಚೆ ಬಯಲು, ಒಂದು ತುಂಡು ಬಿಸಿಲು. ಫೋನ್ ತೆಗೆಯುವಷ್ಟರಲ್ಲಿ ಮುಚ್ಚಿತು. ಅದಕ್ಕೇ ಆ ಫೋಟೋ ನಿನಗೆ ಬಂದಿಲ್ಲ.

ಸೋಮವಾರ ಆಫೀಸಿಗೆ ಬಂದೆ. ಕಥೆ ಮುಗಿಯಿತು ಅಂದುಕೊಂಡೆಯಾ? ಚಿಕ್ಕಪ್ಪನಿಗೆ ಈಗ ಮತ್ತೆ ಮಳೆ ಬೇಕು. ಹೂ ಉದುರಿ ಮಿಡಿ ನಿಲ್ಲಬೇಕಾದರೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೀಳಬೇಕು. ಬ್ಯಾಕಿಂಗ್ ಅನ್ನುತ್ತಾರೆ. ಹದಿನೇಳು ದಿನ ಆಯಿತು, ಇನ್ನೂ ಬಂದಿಲ್ಲ. ನಿನ್ನೆ ರಾತ್ರಿ ಬೆಂಗಳೂರಿನಲ್ಲಿ ಎರಡು ಗಂಟೆ ಹೊಡೆಯಿತು. ನಮ್ಮ ರಸ್ತೆಯಲ್ಲಿ ಸ್ಕೂಟರ್ ಮುಳುಗುವಷ್ಟು ನೀರು. ಫೋನ್ ಮಾಡಿ ಹೇಳಿದೆ. "ಅಲ್ಲಿ ರೋಡಿಗೆ ಬಿದ್ದು ಎಂತ ಉಪಯೋಗ? ಈ ಕಡೆ ಕಳಿಸು" ಅಂದರು. ನಗು ಇತ್ತು, ಆದರೆ ಪೂರ್ತಿ ನಗು ಅಲ್ಲ. ಈಗ ನಾನೂ ರಾತ್ರಿ ಮಲಗುವ ಮೊದಲು ಆಲ್ದೂರಿನ ಹವಾಮಾನ ನೋಡುವುದು ಅಭ್ಯಾಸ ಆಗಿದೆ.

ಮುಂದಿನ ವರ್ಷ ನೀನು ಬರಬೇಕು. ತಿಂಗಳ ಮೊದಲೇ ಟಿಕೆಟ್ ಮಾತ್ರ ತೆಗೆಯಬೇಡ. ಫೆಬ್ರವರಿ ಕೊನೆಯಿಂದ ರಜೆ ಎರಡು ಉಳಿಸಿಟ್ಟುಕೋ, ಬ್ಯಾಗ್ ತುಂಬಿಸಿಟ್ಟಿರು. ನಾನು ಒಂದು ನಂಬರ್ ಅಷ್ಟೇ ಮೆಸೇಜ್ ಮಾಡುತ್ತೇನೆ. ಒಂದರ ಮೇಲಿದ್ದರೆ ಅವತ್ತೇ ಬಸ್ ಬುಕ್ ಮಾಡು, ಒಂಬತ್ತನೇ ದಿನಕ್ಕೆ.

ನಿನ್ನ ಹಳೇ ರೂಮ್‌ಮೇಟ್