ಟ್ವೀಡ್ ಕೋಟಿನವನಿಗೆ, ಮಂಗಳೂರಿನಿಂದ

ಎಂತ ಮಾರಾಯ,

ನಿನ್ನ ಫೋಟೋ ನೋಡಿದೆ. ಕಂದು ಟ್ವೀಡ್ ಉಣ್ಣೆಯ ಕೋಟು, ಒಳಗೆ ತೋಳಿಲ್ಲದ ಸ್ವೆಟರ್, ಕಾಲ ಬುಡದಲ್ಲಿ ಉದುರಿದ ಹಳದಿ ಎಲೆ. ಚೆನ್ನಾಗಿ ಕಾಣುತ್ತೀ. ಹೊಟ್ಟೆಕಿಚ್ಚೂ ಆಯಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕಿದ್ದು ಅಂತ ಬರೆದಿದ್ದೀಯ, ಹ್ಯಾರಿಸ್ ಟ್ವೀಡಿನ ಲೇಬಲ್ ಫೋಟೋ ಬೇರೆ ಹಾಕಿದ್ದೀಯ, ಅದು ಸಾಲದು ಅಂತ ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಯಲ್ಲೇ ಕೈಯಲ್ಲಿ ನೇಯ್ದರೆ ಮಾತ್ರ ಆ ಹೆಸರು ಹಾಕಬಹುದು, ಅದಕ್ಕೆ 1993ರಲ್ಲಿ ಕಾನೂನೇ ಮಾಡಿದ್ದಾರೆ ಅಂತ ಪಾಠ ಕೂಡ. ಎಡಿನ್‌ಬರೋಗೆ ಹೋದ ಮೇಲೆ ನೀನು ಥೇಟ್ ಸೈಕಲ್ ಮೇಷ್ಟ್ರು ಆಗುತ್ತಿದ್ದೀಯ. (ಸೈಕಲ್ ಮೇಷ್ಟ್ರು ಯಾರು ಅಂತ ಉಳಿದವರು ಕೇಳಬೇಡಿ. ಹೇಳುವುದಿಲ್ಲ.)

ಮಂಗಳೂರಿನಲ್ಲಿ ಸೀಸನ್ ಬದಲಾದಾಗ ನಾನು ಎಂತ ಹಾಕುತ್ತೇನೆ ಅಂತ ಕೇಳಿದೆಯಲ್ಲ, ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ಹಳೆ ಕಾಲದ ಬಟ್ಟೆಯ ಶೋಕಿ, ಸೊಂಟದಲ್ಲಿ ನೆರಿಗೆ ಇಟ್ಟ ಪ್ಲೀಟ್ ಪ್ಯಾಂಟು, ದೊಡ್ಡ ಕಾಲರಿನ ಬಗ್ಗೆ ಬೇರೆಯವರೂ ಕೇಳುತ್ತಿರುತ್ತಾರೆ. ಹಾಗಾಗಿ ಎಲ್ಲರ ಎದುರೇ ಬರೆಯುತ್ತಿದ್ದೇನೆ. ಪಡುಬಿದ್ರಿಯ ಕೊಡೆಯ ಸುದ್ದಿ ಎತ್ತುವುದಿಲ್ಲ. ನಿಶ್ಚಿಂತೆಯಿಂದ ಓದು.

ನಮಗೆ ಇರುವುದು ಎರಡೇ ಸೀಸನ್, ಮಳೆ ಮತ್ತು ಸೆಕೆ. ಡಿಸೆಂಬರ್ ಕೊನೆಗೆ ಬೆಳಿಗ್ಗೆ ಸ್ವಲ್ಪ ತಂಪು ಗಾಳಿ ಬೀಸುತ್ತದೆ, ಅದನ್ನೇ ಚಳಿ ಅಂತ ಕರೆದು ಮಫ್ಲರ್ ಸುತ್ತಿಕೊಳ್ಳುವವರೂ ಇದ್ದಾರೆ, ನನ್ನ ಅತ್ತೆಯೂ ಅದರಲ್ಲಿ ಒಬ್ಬರು. ನಿನ್ನ ಊರಿನಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಂತೆ, ಅದಕ್ಕೇ ಅಲ್ಲಿನವರು ಅಷ್ಟು ಗೋಳಾಡುತ್ತಾರಂತೆ. ಇಲ್ಲಿ 3,500 ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹಳೆ ಕಾಲದ ಬಟ್ಟೆಯ ಶೋಕಿ ಮಾಡುವವನು ಇಲ್ಲಿ ಮೊದಲು ಜಗಳ ಆಡಬೇಕಾದದ್ದು ಫ್ಯಾಷನ್ ಜೊತೆ ಅಲ್ಲ, ಬೂಷ್ಟಿನ ಜೊತೆ.

ಹಳೆಯದು ಅಂದ ಕೂಡಲೇ ಎಲ್ಲರೂ ಖಾದಿ, ಕೈಮಗ್ಗ ಅಂತಾರೆ. ಆಷಾಢದಲ್ಲಿ ಒಂದು ದಪ್ಪ ಕೈಮಗ್ಗದ ಶರ್ಟು ಒಗೆದು ನೋಡು. ಮೂರನೇ ದಿನವೂ ಕಂಕುಳ ಹೊಲಿಗೆ ಒದ್ದೆ, ನಾಲ್ಕನೇ ದಿನ ವಾಸನೆ. ಕೊನೆಗೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು, ಆಮೇಲೆ ದಿನವಿಡೀ ನೀನು ಸುಟ್ಟ ಬಂಗುಡೆಯ ಹಾಗೆ ಘಮಘಮ. ಮಳೆಗಾಲಕ್ಕೆ ನನ್ನ ಆಪತ್ಬಾಂಧವ ಟೆರಿಲಿನ್. ನಗಬೇಡ. ಅದು 1941ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪಾಲಿಯೆಸ್ಟರ್, ಅಂದರೆ ಅದೂ ಈಗ ಅಜ್ಜನ ವಯಸ್ಸಿನದೇ. ಹತ್ತಿ ಸುಮ್ಮನೆ ಗಾಳಿಯಿಂದಲೇ ತನ್ನ ತೂಕದ 8 ಪ್ರತಿಶತದಷ್ಟು ತೇವ ಎಳೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಪ್ರತಿಶತವೂ ಇಲ್ಲ. ರಾತ್ರಿ ಹಿಂಡಿ ಫ್ಯಾನಿನ ಅಡಿ ಹಾಕಿದರೆ ಬೆಳಿಗ್ಗೆ ರೆಡಿ. ಬಾಂಬೆಯ ಹೋಟೆಲಿನಲ್ಲಿ ಗಲ್ಲೆಗೆ ಕೂರುತ್ತಿದ್ದ ನನ್ನ ಸೋದರಮಾವ ರಜೆಗೆ ಬರುವಾಗ ತಂದಿದ್ದ ಟೆರಿಲಿನ್ ಶರ್ಟುಗಳು ಇವತ್ತಿಗೂ ಗಟ್ಟಿ. ಅವರ ಹತ್ತಿ ಶರ್ಟುಗಳಲ್ಲಿ ಒಂದೂ ಉಳಿದಿಲ್ಲ. ಈ ಕರಾವಳಿಯಲ್ಲಿ ಯಾವ ಕಾಲದ ಬಟ್ಟೆ ಉಳಿಯಬೇಕು ಅಂತ ತೀರ್ಮಾನ ಮಾಡುವುದು ಬೂಷ್ಟು, ಅದು ತಿನ್ನಲು ಇಷ್ಟಪಡದ್ದು ಮಾತ್ರ ನಮಗೆ.

ಮಳೆಗೆ ಪ್ಯಾಂಟಿನ ಬಾಟಮ್ ಕಿರಿದಾಗಿರಲಿ, ಹಿಮ್ಮಡಿಗಿಂತ ಮೇಲೆ ನಿಲ್ಲಲಿ. ಎಪ್ಪತ್ತರ ದಶಕದ ಬೆಲ್‌ಬಾಟಮ್ ಆಸೆ ಇದ್ದರೆ ಜನವರಿವರೆಗೆ ತಡೆದುಕೋ. ಬೆಲ್‌ಬಾಟಮ್ ಹಾಕಿ ಹಂಪನಕಟ್ಟೆಯಲ್ಲಿ ಬಸ್ ಇಳಿದರೆ ರಸ್ತೆಯ ನೀರೆಲ್ಲ ಮನೆಗೆ ಬರುತ್ತದೆ. ಬಟ್ಟೆಗೆ ಗಂಜಿ ಹಾಕಿ ಎತ್ತಿಡಬಾರದು, ಹುಳಕ್ಕೂ ಬೂಷ್ಟಿಗೂ ಅದು ಮದುವೆ ಊಟ. ಕಬ್ಬಿಣದ ಹ್ಯಾಂಗರ್ ಬೇಡ, ಹೆಗಲ ಮೇಲೆ ತುಕ್ಕಿನ ಕಲೆ ಕೂರುತ್ತದೆ. ಪ್ಲಾಸ್ಟಿಕ್ ಕವರಂತೂ ಬೇಡವೇ ಬೇಡ. ಇಷ್ಟು ಸಾಕು.

ಈಗ ಅಕ್ಟೋಬರ್. ಬೆಳಿಗ್ಗೆ ಬಿಸಿಲು ನೋಡಿ ಟ್ರಂಕಿನಲ್ಲಿದ್ದದ್ದನ್ನೆಲ್ಲ ಅಂಗಳಕ್ಕೆ ಹರಡುತ್ತೇವೆ, ಸಂಜೆ ಗುಡುಗು ಕೇಳಿದರೆ ಎಲ್ಲರೂ ಓಡಿ ಬಾಚಿಕೊಂಡು ಒಳಗೆ. ಹತ್ತಿಯ ಕಾಲ ಶುರುವಾಗುವುದು ಈಗಲೇ. ಈ ವರ್ಷ ಒಂದು ಹುಚ್ಚು ಕೆಲಸ ಮಾಡಿದೆ. ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸೊಸೈಟಿ ಇದೆಯಲ್ಲ, ಅಲ್ಲಿಂದ ಒಂದು ಉಡುಪಿ ಸೀರೆ ತಂದೆ. ಸಣ್ಣ ಚೌಕುಳಿ, ಬೇರೆ ಬಣ್ಣದ ಅಂಚು. ಉಡುಪಿ ಸೀರೆಗೂ ನಿನ್ನ ಟ್ವೀಡಿನ ಹಾಗೆ ಹೆಸರಿನ ಹಕ್ಕು ಉಂಟು, ಜಿಐ ಅಂತ, ಅಂದರೆ ಭೌಗೋಳಿಕ ಸೂಚಕ. ಆದರೆ ಅದನ್ನು ನೇಯುವ ಕೈಗಳು ಕಮ್ಮಿ. ಅಂಥ ಸೀರೆಯನ್ನು ಟೈಲರ್ ಮುಂದಿಟ್ಟು ಶರ್ಟು ಹೊಲಿಯಿರಿ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮೊದಲು ನೀರಿಗೆ ಹಾಕಿ ತಾ, ಎಷ್ಟು ಕುಗ್ಗುತ್ತದೋ ಕುಗ್ಗಲಿ, ಆಮೇಲೆ ಕತ್ತರಿ ಅಂದರು. ಒಂದು ಸೀರೆಯಲ್ಲಿ ಎರಡು ಶರ್ಟು ಬಂತು. ಅಂಚನ್ನು ಜೇಬಿನ ಬಾಯಿಗೆ ಇಡಿಸಿದ್ದೇನೆ. ಅದರ ಕೆಳಗೆ ಖಾಕಿ ಪ್ಯಾಂಟು, ಹೊಕ್ಕುಳದವರೆಗೆ ಏರಿದ್ದು, ಎದುರು ಎರಡೆರಡು ಪ್ಲೀಟು. ಖಾಕಿ ಬಣ್ಣ ನಮ್ಮ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲೇ ಹುಟ್ಟಿದ್ದು ಅಂತ ಮಂಗಳೂರಿನವರು ಎದೆ ಉಬ್ಬಿಸಿ ಹೇಳುತ್ತಾರೆ, ನಾನೂ ಹೇಳುತ್ತೇನೆ, ವಾದಕ್ಕೆ ಬರಬೇಡ. ಏಪ್ರಿಲ್, ಮೇ ತಿಂಗಳ ಸೆಕೆಗೆ ಇದೇ ಶರ್ಟು, ಅರ್ಧ ತೋಳು, ಮೈಗೆ ತಾಗದಷ್ಟು ಲೂಸ್. ಆಗ ಟೆರಿಲಿನ್ ಹಾಕುವವನು ತನ್ನ ಬೆವರಿನಲ್ಲಿ ತಾನೇ ಬೇಯುತ್ತಾನೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನವರಾತ್ರಿ ಕಳೆದು ಊರಿಗೆ ಹೋಗಿದ್ದೆ, ಶಿರ್ವದ ಹತ್ತಿರದ ನಮ್ಮ ಮನೆಗೆ. ಅತ್ತೆ ಒಬ್ಬರೇ ಇದ್ದರು. ಬಟ್ಟೆ ಬಿಸಿಲಿಗೆ ಹಾಕಲು ಸಹಾಯ ಮಾಡುತ್ತಾ ಕೇಳಿದೆ, "ಅತ್ತೆ, ಅಜ್ಜನ ಬಟ್ಟೆ ಏನಾದರೂ ಉಂಟಾ?" ನನ್ನ ತಲೆಯಲ್ಲಿ ಆಗಲೇ ಫೋಟೋ ತಯಾರಾಗಿತ್ತು. ಅಜ್ಜನ ಶರ್ಟು, ಮೊಮ್ಮಗನ ಮೈ, ಹಿಂದೆ ಮಣ್ಣಿನ ಗೋಡೆ.

ಅತ್ತೆ ನಕ್ಕರು. "ಯಾವ ಬಟ್ಟೆ?" ಅಂದರು.

ಅಜ್ಜನಿಗೆ ಇದ್ದದ್ದು ತುಂಡು ಮುಂಡು ಮತ್ತು ಒಂದು ಬೈರಾಸು, ಅಂದರೆ ಹೆಗಲ ಟವೆಲು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಮಳೆಗೆ ತಲೆ, ಬೆನ್ನು ಎರಡನ್ನೂ ಮುಚ್ಚುವ ಎಲೆಯ ಗೊರಬೆ. ಗೇಣಿಯ ಅಕ್ಕಿಮುಡಿ ಹೊತ್ತು ಜಮೀನಿನ ಧನಿಗಳ ಅಂಗಳಕ್ಕೆ ಹೋದಾಗ ಹೆಗಲ ಮೇಲಿನ ಬೈರಾಸು ಸೊಂಟಕ್ಕೆ ಇಳಿಯುತ್ತಿತ್ತು, ವಾಪಸು ಬರುವಾಗ ಗೇಟಿನಾಚೆ ಮತ್ತೆ ಹೆಗಲಿಗೆ. ಅಜ್ಜ ಮೊದಲ ಸಲ ಶರ್ಟು ಹೊಲಿಸಿದ್ದು ಡಿಕ್ಲರೇಶನ್ ಸಮಯದಲ್ಲಿ. ಘಟ್ಟದ ಮೇಲಿನವರಿಗೆ ಈ ಮಾತು ಗೊತ್ತಿರಲಿಕ್ಕಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತಲ್ಲ, ನಮ್ಮ ಅಜ್ಜನಂಥ ಚಾಲಗೇಣಿ ಒಕ್ಕಲುಗಳು, ಅಂದರೆ ಕಾಯಂ ಹಕ್ಕಿಲ್ಲದೆ ಗೇಣಿಗೆ ಉಳುತ್ತಿದ್ದವರು, ಉಳುವ ಜಾಗ ನಮ್ಮದು ಅಂತ ಅರ್ಜಿ ಕೊಟ್ಟರು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಅಂತಲೇ ಹೆಸರು. ಭೂನ್ಯಾಯ ಮಂಡಳಿಯ ಎದುರು ಬರಿ ಮೈಯಲ್ಲಿ ನಿಲ್ಲುವುದು ಹೇಗೆ? ಅದಕ್ಕೆ ಒಂದು ಬಿಳಿ ಶರ್ಟು. ಆಮೇಲೆ ಮದುವೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಎಲ್ಲದಕ್ಕೂ ಅದೇ.

"ಟೆರಿಲಿನ್ನಾ?" ಅಂತ ಕೇಳಿದೆ. ನನ್ನ ಬುದ್ಧಿ ನೋಡು, ಅಲ್ಲೂ ಬಟ್ಟೆಯ ಜಾತಕ.

"ಟೆರಿಲಿನ್ ಧನಿಗಳ ಮನೆಯ ಮಕ್ಕಳಿಗೆ. ನಮ್ಮದು ಮಗ್ಗದ್ದು, ದೊರಗು. ಹರಿದ ಮೇಲೆ ನಿನ್ನ ಅಪ್ಪನಿಗೆ ಅದರಲ್ಲೇ ಚಡ್ಡಿ ಹೊಲಿದದ್ದು. ಚಡ್ಡಿ ಹರಿದ ಮೇಲೆ ಮಸಿಬಟ್ಟೆ."

ನಿನ್ನ ಊರಿನಲ್ಲಿ ಸತ್ತವರ ಕೋಟು ಅಂಗಡಿಗೆ ಬಂದು ನಿನ್ನ ಮೈ ಸೇರುತ್ತದೆ. ಇಲ್ಲಿ ಬಟ್ಟೆ ಉಳಿಯುವುದೇ ಇಲ್ಲ, ತೊಟ್ಟಿಲಾಗಿ, ಚಡ್ಡಿಯಾಗಿ, ಬಿಸಿ ಪಾತ್ರೆ ಇಳಿಸುವ ಬಟ್ಟೆಯಾಗಿ ಮುಗಿದೇ ಹೋಗುತ್ತದೆ. ಅಂದರೆ ನಾನು ಇಷ್ಟು ವರ್ಷ ಯಾರನ್ನು ನೋಡಿ ಹೊಲಿಸುತ್ತಿದ್ದೆ? ಹಳೆ ಸ್ಟುಡಿಯೋ ಫೋಟೋಗಳನ್ನು. ಆ ಕಾಲದಲ್ಲಿ ಫೋಟೋ ತೆಗೆಸಿಕೊಂಡವರು ಯಾರು ಅಂತ ಕೇಳಿಕೊಂಡದ್ದೇ ಇಲ್ಲ.

ಅತ್ತೆ ನನ್ನ ಫೋನು ಕೇಳಿ, ಆ ಸೀರೆ ಶರ್ಟಿನ ಫೋಟೋವನ್ನು ಹತ್ತಿರ ಹಿಡಿದು ನೋಡಿದರು. "ನೀನು ಥೇಟ್ ಧನಿಗಳ ಮನೆ ಹುಡುಗನ ಹಾಗೆ ಕಾಣುತ್ತೀ" ಅಂದರು. ಕೊಂಕಲ್ಲ, ಹೊಗಳಿದ್ದು. ಪಕ್ಕದ ಮನೆಯವರನ್ನು ಕರೆದು ಅವರಿಗೂ ತೋರಿಸಿದರು. ಮಗ್ಗದ ದೊರಗು ಬಟ್ಟೆಯಲ್ಲಿ ಧನಿ ಕಾಣಿಸಿದ್ದು ಹೇಗೋ. ಆಗ ಟೆರಿಲಿನ್ ದುಡ್ಡಿದ್ದವರದ್ದು, ಮಗ್ಗದ್ದು ಇಲ್ಲದವರದ್ದು. ಈಗ ಮಗ್ಗದ ಬಟ್ಟೆಗೇ ದುಡ್ಡು ಬೇಕು. ಬಟ್ಟೆ ಜಾಗ ಬದಲಿಸಿತು, ಅತ್ತೆಯ ಕಣ್ಣು ಮಾತ್ರ ಧನಿಯನ್ನು ಸರಿಯಾಗಿಯೇ ಗುರುತಿಸಿತು.

ನನಗೆ ಬೇಸರ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಖುಷಿಯಾಯಿತು. ಬರೆಯಲಿಕ್ಕೇ ನಾಚಿಕೆ, ಆದರೂ ಬರೆಯುತ್ತೇನೆ. ಆ ಪ್ಯಾಂಟು ಹಾಕಿದರೆ ನನ್ನ ಕೈ ತಾನಾಗಿ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತದೆ. ಮಾತು ನಿಧಾನವಾಗುತ್ತದೆ. ಜೀನ್ಸ್ ಹಾಕಿದ ದಿನ "ಮುಂದೆ ಹೋಗಿ, ಮುಂದೆ ಹೋಗಿ" ಅಂತ ದಬ್ಬುವ ಕಂಡಕ್ಟರ್ ಇದನ್ನು ಹಾಕಿದ ದಿನ "ಸರ್, ಇಲ್ಲಿ ಸೀಟುಂಟು" ಅಂತಾನೆ. ಹಳೆ ಕಾಲದ ಮೇಲೆ ನನಗೆ ಪ್ರೀತಿ ಅಂತ ನಾನು ಹೇಳಿಕೊಂಡು ತಿರುಗುವುದು. ಸೀಟು ಸಿಗುವುದರ ಮೇಲೂ ಇರಬಹುದು.

ಅದೇ ದಿನ ಮಧ್ಯಾಹ್ನ ತೆಂಗಿನಕಾಯಿ ಕೀಳುವವರು ಬಂದರು. ವಯಸ್ಸಾದವರು, ನನ್ನನ್ನು ಹಿಂದೆ ಕಂಡವರಲ್ಲ. ನಾನು ಜಗಲಿಯಲ್ಲಿ ನಿಂತಿದ್ದೆ, ಅವರು ಅಂಗಳದಲ್ಲಿ. ಎಷ್ಟು ಮರ, ಯಾವುದು ಮೊದಲು ಅಂತ ಕೇಳುತ್ತಾ ಹೆಗಲ ಮೇಲಿದ್ದ ಬೈರಾಸು ತೆಗೆದರು. ಮರ ಹತ್ತುವವರು ಅದನ್ನು ಸೊಂಟಕ್ಕೆ ಕಟ್ಟಿಯೇ ಹತ್ತುವುದು, ಗೊತ್ತು. ಅಷ್ಟೇ ಇರಬೇಕು. ಆದರೆ ಬೆಳಿಗ್ಗೆಯಷ್ಟೇ ಅಜ್ಜನ ಕಥೆ ಕೇಳಿದ್ದವನು ನಾನು. ಇಳಿದು ಅಂಗಳಕ್ಕೆ ಬರಬಹುದಿತ್ತು, "ಕೂತುಕೊಳ್ಳಿ, ನೀರು ಕುಡಿಯಿರಿ" ಅನ್ನಬಹುದಿತ್ತು. ಜಗಲಿಯಿಂದಲೇ ಬೆರಳು ತೋರಿಸಿ ಹೇಳಿದೆ, ಆ ಮರ, ಈ ಮರ ಅಂತ. ಹಿತವಾಗಿತ್ತು ಮಾರಾಯ. ಆ ಹಿತ ಎಲ್ಲಿಂದ ಬಂತು ಅಂತ ಈಗಲೂ ತಲೆ ಕೆಡಿಸಿಕೊಂಡು ಕೂತಿದ್ದೇನೆ. ಅಜ್ಜನ ಎದುರು ನಿಂತವನಿಗೂ ಹೀಗೇ ಆಗುತ್ತಿತ್ತೋ ಏನೋ.

ಇಷ್ಟೆಲ್ಲ ಬರೆಯುವುದು ಅಂತ ಇರಲಿಲ್ಲ. ಪ್ಯಾಂಟಿನ ವಿಷಯ ಎಲ್ಲಿಗೆ ಹೋಯಿತು ನೋಡು. ಓದುವವರಲ್ಲಿ ಅರ್ಧ ಜನ ಗಂಜಿ, ಹ್ಯಾಂಗರ್ ಮುಗಿದ ಕೂಡಲೇ ಎದ್ದು ಹೋಗಿರುತ್ತಾರೆ ಎಂಬ ಧೈರ್ಯದಿಂದ ಬಿಟ್ಟಿದ್ದೇನೆ.

ನಿಜವಾಗಿ ಅಜ್ಜನ ವೇಷ ಹಾಕೋಣ ಅಂದರೆ ಅದಕ್ಕೂ ಜಾಗ ಇಲ್ಲ. ಮುಟ್ಟಾಳೆ ಈಗ ತುಳುವರ ಆಟಿ ತಿಂಗಳ ಕಾರ್ಯಕ್ರಮದಲ್ಲಿ ಮುಖ್ಯ ಅತಿಥಿಗಳ ತಲೆಗೆ ಏರಿದೆ, ಅವರು ಅದನ್ನು ಹಾಕಿ ಫೋಟೋಗೆ ನಿಂತು, ಕಾರು ಹತ್ತುವ ಮೊದಲು ಯಾರದ್ದೋ ಕೈಗೆ ಕೊಟ್ಟು ಹೋಗುತ್ತಾರೆ. ಗೊರಬೆ ಹಾಕಿ ಕಂಕನಾಡಿಯಲ್ಲಿ ಬಸ್ ಹತ್ತಿದರೆ ಮೂರು ಜನರ ಟಿಕೆಟ್ ಕೇಳುತ್ತಾರೆ. ತುಂಡು ಮುಂಡು ಉಡುವುದಕ್ಕೆ ನನ್ನ ಮೊಣಕಾಲೇ ಒಪ್ಪುವುದಿಲ್ಲ, ನೀನು ಅದನ್ನು ಸುರತ್ಕಲ್ ಬೀಚಿನಲ್ಲಿ ನೋಡಿದ್ದೀಯ, ಸಾಕ್ಷಿ ಹೇಳಬಹುದು. ಶರ್ಟು, ಪ್ಯಾಂಟು ಬಿಡುವುದಿಲ್ಲ. ಇನ್ನೊಂದು ಸೀರೆ ಬೇರೆ ನೋಡಿಟ್ಟಿದ್ದೇನೆ, ಹಸಿರು. ಅತ್ತೆ ಈ ಸಲ ಅದನ್ನು ಸೀರೆಯಾಗಿಯೇ ತಮಗೆ ಕೊಡಬೇಕು ಅಂದಿದ್ದಾರೆ. ನ್ಯಾಯವಾಗಿ ಅವರಿಗೇ ಸೇರಬೇಕಾದದ್ದು. ಕೊಟ್ಟು, ಅಂಚಿನ ಕಡೆಯಿಂದ ಒಂದು ಮೀಟರ್ ಕೇಳಿ ನೋಡುತ್ತೇನೆ.

ನೀನು ಡಿಸೆಂಬರ್‌ನಲ್ಲಿ ಬರುವಾಗ ಆ ಟ್ವೀಡ್ ತರಬೇಡ. ಬಜ್ಪೆಯಲ್ಲಿ ವಿಮಾನ ಇಳಿದು ಹೊರಗೆ ಬರುವಷ್ಟರಲ್ಲಿ ಬೆವರಿ ಬೀಳುತ್ತೀ, ಇಲ್ಲೇ ಬಿಟ್ಟು ಹೋದರೆ ಜುಲೈಯಲ್ಲಿ ಅದರ ಮೇಲೆ ಅಣಬೆ ಏಳುತ್ತದೆ. ಬದಲಿಗೆ ಆ ಅಂಗಡಿಯಲ್ಲಿ ಹಳೆ ಗುಂಡಿಗಳು ಸಿಕ್ಕಿದರೆ ಒಂದು ಹಿಡಿ ತಾ, ಕಂದು ಇದ್ದರೆ ಒಳ್ಳೆಯದು. ನಿನಗೂ ಒಂದು ಪ್ಲೀಟ್ ಪ್ಯಾಂಟು ಹೊಲಿಸಿಡುತ್ತೇನೆ, ಸೊಂಟದ ಅಳತೆ ಕಳುಹಿಸು. ಕಾಲೇಜಿನ ಕಾಲದ್ದಲ್ಲ, ಈಗಿನದ್ದು. ಉಸಿರು ಬಿಟ್ಟು ಅಳೆ.

ನಿನ್ನ,
ಸೀಟು ಸಿಕ್ಕಿದವ