ಟೊಮೆಟೊ ಅಳೆಯುವ ಬೆಳಕು: ಯಾವ ಅಂಕಿ ನಂಬಬೇಕು?

ಮಾನ್ಯರೇ,

ಗಿಡದಲ್ಲಿರುವ ಟೊಮೆಟೊವನ್ನು ಕೀಳದೆ, ಕೊಯ್ಯದೆ, ಬರೀ ಬೆಳಕು ಹಾಯಿಸಿ ಪೋಷಕಾಂಶ ತಿಳಿಸುವ ಕೈಯುಪಕರಣಗಳು ಬಂದಿವೆ. ಅವು ತೋರಿಸುವ ಅಂಕಿಗಳಿಗೆಲ್ಲ ಒಂದೇ ಬೆಲೆ ಕಟ್ಟುವಂತಿಲ್ಲ.

ಹಣ್ಣಿಗೆ ಕೆಂಪು ಕೊಡುವ ಲೈಕೋಪೀನ್ ಮಟ್ಟಿಗೆ ನಂಬಿಕೆಗೆ ಆಧಾರವಿದೆ. ಅದು ತರಂಗಾಂತರದಲ್ಲಿ ಸುಮಾರು 450ರಿಂದ 570 ನ್ಯಾನೊಮೀಟರ್‌ವರೆಗಿನ ಬೆಳಕನ್ನು ನೇರವಾಗಿ ಹೀರುತ್ತದೆ. ಆದರೆ ಹಣ್ಣು ಪೂರ್ತಿ ಕೆಂಪಾದ ಮೇಲೆ ಅಲ್ಲಿಂದ ಮರಳುವ ಬೆಳಕು ಅತ್ಯಲ್ಪ. ಹಾಗಾಗಿ ಕಡುಗೆಂಪು ಹಣ್ಣುಗಳ ನಡುವಿನ ವ್ಯತ್ಯಾಸ ಸರಿಯಾಗಿ ಸಿಗದು. ಸಕ್ಕರೆಯ ಅಂದಾಜಿಗೆ 700–1100 ನ್ಯಾನೊಮೀಟರ್ ಸುತ್ತಿನ ಅತಿಗೆಂಪು ಬೆಳಕು ಬೇಕು. ಇನ್ನು ವಿಟಮಿನ್ ಸಿ: 100 ಗ್ರಾಂ ಹಣ್ಣಿನಲ್ಲಿ ಅದು ಕೆಲವು ಹತ್ತು ಮಿಲಿಗ್ರಾಂ ಮೀರದು, ನೀರೇ ಸುಮಾರು 94 ಗ್ರಾಂ. ನೀರಿನ ಸಂಕೇತದ ಅಡಿಯಲ್ಲಿ ಅದು ಮುಚ್ಚಿಹೋಗುತ್ತದೆ. ಉಪಕರಣ ಹೇಳುವುದು ಹಣ್ಣಿನ ಮಾಗುವಿಕೆ ನೋಡಿ ಮಾಡಿದ ಊಹೆ. ಪೊಟ್ಯಾಶಿಯಂ ಅಂತೂ ಈ ಬೆಳಕಿಗೆ ಕಾಣುವುದೇ ಇಲ್ಲ.

ಹೊಲದಲ್ಲಿ ಮೊದಲ ಶತ್ರು ಬಿಸಿಲು. ಹಣ್ಣಿಗೂ ಉಪಕರಣದ ಮೂತಿಗೂ ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೂ ಬಿಸಿಲು ನುಗ್ಗಿ ಅಳತೆ ಕೆಡುತ್ತದೆ. ಮೆತ್ತನೆಯ ಕಪ್ಪು ರಬ್ಬರ್ ಬಳೆ ಬೇಕೇ ಬೇಕು. ಹ್ಯಾಲೊಜೆನ್ ದೀಪವಿದ್ದರೆ ಕಾಲು ಗಂಟೆಯಾದರೂ ಉರಿಸಿಟ್ಟು, ಆಮೇಲೆ ಹೋಲಿಕೆಗಾಗಿ ಬೆಳಕೇ ಬೀಳದಂತೆ ಒಂದು ಕತ್ತಲ ಅಳತೆ, ಬಿಳಿ ಫಲಕದ ಮೇಲೆ ಒಂದು ಅಳತೆ ತೆಗೆಯಿರಿ. ವಾತಾವರಣ ಬಿಸಿಯೇರಿದಂತೆ ಎರಡನ್ನೂ ಮತ್ತೆ ಮಾಡಿ. ಹಣ್ಣಿನ ಶಾಖ ಬದಲಾದರೆ 970 ನ್ಯಾನೊಮೀಟರ್ ಬಳಿ ನೀರು ಬೆಳಕು ಹೀರುವ ಪಟ್ಟಿಯೂ ಸರಿಯುತ್ತದೆ. ಬೆಳಕಿನ ಅಳತೆಯನ್ನು ಪೋಷಕಾಂಶದ ಅಂಕಿಗೆ ಬದಲಿಸುವ ಸೂತ್ರವನ್ನು ಬೆಳಗಿನ ಹಣ್ಣಿನಿಂದಷ್ಟೇ ಕಟ್ಟಿದ್ದರೆ ಅದು ನಡುಮಧ್ಯಾಹ್ನ ತಪ್ಪುವುದು ಇದರಿಂದಲೇ. ಇಬ್ಬನಿ, ಧೂಳು, ಔಷಧಿಯ ಕಲೆ ಒರೆಸಿ, ಹಣ್ಣಿನ ನಡುಸುತ್ತಿನಲ್ಲಿ ಎದುರುಬದುರು ಮೂರ್ನಾಲ್ಕು ಕಡೆ ಅಳೆಯಿರಿ. ತೊಟ್ಟಿನ ಸುತ್ತ ಹಸಿರು ಉಳಿದಿರುತ್ತದೆ, ಆ ಜಾಗ ಬೇಡ.

ಸೂತ್ರ ಕಟ್ಟುವಾಗ ಬಹಳ ಕಡೆ ಆಗುವ ಎಡವಟ್ಟು ಬೇರೆಯೇ. ಬೆಳಕು ಒಳಹೋಗುವುದು ಕೆಲವೇ ಮಿಲಿಮೀಟರ್. ಆದರೆ ಹೋಲಿಸಿ ನೋಡಲು ಪ್ರಯೋಗಾಲಯದಲ್ಲಿ ಬೀಜದ ಲೋಳೆ ಸಮೇತ ಇಡೀ ಹಣ್ಣು ರುಬ್ಬುತ್ತಾರೆ. ಅಳೆದ ಜಾಗದ ಹೊರತಿರುಳನ್ನೇ ಕತ್ತರಿಸಿ ಅದರ ರಸವನ್ನು ಸಕ್ಕರೆ ಅಳೆಯುವ ರಿಫ್ರಾಕ್ಟೊಮೀಟರ್‌ಗೆ ಹಾಕಬೇಕು. ಲೈಕೋಪೀನ್‌ಗಾದರೆ ಅದೇ ತುಂಡನ್ನು ಹೆಕ್ಸೇನ್, ಎಥನಾಲ್, ಅಸಿಟೋನ್ 2:1:1 ಮಿಶ್ರಣದಲ್ಲಿ ಮಬ್ಬುಬೆಳಕಿನಲ್ಲಿ ಕರಗಿಸಿ, ಮೇಲೆ ನಿಂತ ಹೆಕ್ಸೇನ್ ಪದರವನ್ನು 503 ನ್ಯಾನೊಮೀಟರ್‌ನಲ್ಲಿ ಓದಬೇಕು.

ಕೊಳ್ಳುವವರು ಮಾರಾಟಗಾರರನ್ನು ಕೇಳಬೇಕಾದದ್ದು ಇಷ್ಟು: ಸೂತ್ರವನ್ನು ಬೇರೆ ಹೊಲದ, ಬೇರೆ ತಳಿಯ, ಬೇರೆ ಹಂಗಾಮಿನ ಹಣ್ಣಿನ ಮೇಲೆ ಪರೀಕ್ಷಿಸಿದ್ದೀರಾ? ದೋಷ ಎಷ್ಟು ಬಂತು? ಹೊಲದ ಹಣ್ಣೆಲ್ಲ 4ರಿಂದ 5 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಒಳಗಿದ್ದು, ಉಪಕರಣದ ದೋಷವೇ ಅರ್ಧ ಬ್ರಿಕ್ಸ್ ಇದ್ದರೆ ಅದರಿಂದ ಹಣ್ಣು ವಿಂಗಡಿಸಲಾಗದು.

ಇತಿ,
ಹಣ್ಣು–ತರಕಾರಿ ಗುಣಮಟ್ಟ ಪರೀಕ್ಷಕರು